ಗೋಡೆಯ ಮೇಲೆ ಯೂನಿಯನ್ ಹಕ್ಕಿನ ಪೋಸ್ಟರ್ ಮಾತ್ರ ಯಾಕಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ 40 ಜನರಿರುವ ಒಂದು ಖಾಸಗಿ ಕಂಪನಿಯಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಊಟದ ಕೋಣೆಯ ಗೋಡೆಯಲ್ಲಿ ಕನಿಷ್ಠ ವೇತನ, ಸುರಕ್ಷತೆ, ತಾರತಮ್ಯ ಅಂತ ಸಾಲು ಸಾಲು ಪೋಸ್ಟರ್‌ಗಳಿವೆ. ಯೂನಿಯನ್ ಕಟ್ಟುವ ಹಕ್ಕಿನ ಬಗ್ಗೆ ಮಾತ್ರ ಒಂದೂ ಇಲ್ಲ. ಆದರೆ ನ್ಯಾಷನಲ್ ಲೇಬರ್ ರಿಲೇಷನ್ಸ್ ಬೋರ್ಡ್‌ನ ವೆಬ್‌ಸೈಟಿನಲ್ಲಿ ಅಂಥದ್ದೊಂದು ಪೋಸ್ಟರ್ ಸಿಕ್ಕಿತು. ಅದನ್ನು ಹಾಕಲೇಬೇಕಾ? ಹಾಕದಿದ್ದರೆ ದಂಡ ಬೀಳುತ್ತಾ? ಸರ್ಕಾರದ ಸಂಸ್ಥೆ ಹಾಕಿ ಅಂದ ಮೇಲೆ ಹಾಕಲೇಬೇಕು ಅಂದುಕೊಂಡಿದ್ದೆ, ಹಾಗಲ್ವಾ? ಬಾಸ್‌ನ್ನು ಕೇಳದೆ ನಾನೇ ಅಂಟಿಸಿಬಿಟ್ಟರೆ ಏನಾಗುತ್ತೆ?

ಉತ್ತರ: ಹಾಕಲೇಬೇಕಿಲ್ಲ. ದಂಡವೂ ಇಲ್ಲ. ನೀವು ಕೇಂದ್ರ ಸರ್ಕಾರದ ಗುತ್ತಿಗೆ ಕೆಲಸ ಮಾಡುವ ಕಂಪನಿಯಾಗಿದ್ದರೆ ಲೆಕ್ಕ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ನೀವು ವೆಬ್‌ಸೈಟಿನಲ್ಲಿ ನೋಡಿದ್ದು ಕೋರ್ಟಿನಲ್ಲಿ ಸೋತು ಉಳಿದ ಪೋಸ್ಟರ್. ಒಂದು ಕಾಲಕ್ಕೆ ಅದನ್ನು ದೇಶದ ಸುಮಾರು 60 ಲಕ್ಷ ಮಾಲೀಕರ ಗೋಡೆಗೆ ಅಂಟಿಸಬೇಕು ಅಂತ ನಿಯಮವೇ ಬಂದಿತ್ತು. ಆ ನಿಯಮ ಒಂದು ದಿನವೂ ಜಾರಿಗೆ ಬರಲಿಲ್ಲ.

"ಸರ್ಕಾರದ ಸಂಸ್ಥೆ ಹಾಕಿ ಅಂದ ಮೇಲೆ" ಅಂತ ಬರೆದಿದ್ದೀರಲ್ಲ, ವಿಷಯ ಇರುವುದೇ ಅಲ್ಲಿ. ಸಂಸ್ಥೆ ಹೇಳಿದರೆ ಸಾಲದು. ಹೇಳುವ ಅಧಿಕಾರವನ್ನು ಸಂಸತ್ತು ಅದಕ್ಕೆ ಕೊಟ್ಟಿರಬೇಕು. ನಿಮ್ಮ ಗೋಡೆಯ ಮೇಲಿರುವ ಹೆಚ್ಚಿನ ಪೋಸ್ಟರ್‌ಗಳ ಹಿಂದೆ ಕಾಯ್ದೆಯ ಒಂದು ಸಾಲು ಇದೆ. ಯೂನಿಯನ್ ಹಕ್ಕಿನ ಕಾಯ್ದೆಯಲ್ಲಿ ಆ ಸಾಲು ಇಲ್ಲ.

ಕಾಯ್ದೆ ಅಂದರೆ 1935ರ ನ್ಯಾಷನಲ್ ಲೇಬರ್ ರಿಲೇಷನ್ಸ್ ಆಕ್ಟ್. ಅಧ್ಯಕ್ಷ ರೂಸ್ವೆಲ್ಟ್ ಆ ವರ್ಷ ಜುಲೈ 5ರಂದು ಸಹಿ ಹಾಕಿದರು. ಅದರ ಸೆಕ್ಷನ್ 7 ಕೆಲಸಗಾರರಿಗೆ ಯೂನಿಯನ್ ಕಟ್ಟುವ, ಒಟ್ಟಾಗಿ ಚೌಕಾಸಿ ಮಾಡುವ, ಪರಸ್ಪರ ನೆರವಿಗೆ ಒಂದಾಗಿ ನಿಲ್ಲುವ ಹಕ್ಕು ಕೊಡುತ್ತದೆ. ಅದನ್ನು ಜಾರಿಗೆ ತರುವುದು ನೀವು ಹೇಳಿದ ನ್ಯಾಷನಲ್ ಲೇಬರ್ ರಿಲೇಷನ್ಸ್ ಬೋರ್ಡ್, ಅಂದರೆ ಎನ್‌ಎಲ್‌ಆರ್‌ಬಿ. ಈ ಮಂಡಳಿಗೆ ಮುಖ್ಯವಾಗಿ ಎರಡು ಕೆಲಸ. ಯೂನಿಯನ್ ಬೇಕೋ ಬೇಡವೋ ಅಂತ ಚುನಾವಣೆ ನಡೆಸುವುದು ಒಂದು. ಯಾರಾದರೂ ದೂರು ಕೊಟ್ಟರೆ "ಅನುಚಿತ ಕಾರ್ಮಿಕ ನಡವಳಿಕೆ" ನಡೆದಿದೆಯೇ ಅಂತ ತೀರ್ಮಾನಿಸುವುದು ಇನ್ನೊಂದು. ಎರಡರಲ್ಲೂ ಮೊದಲು ಹೊರಗಿನವರು ಬಂದು ಬಾಗಿಲು ತಟ್ಟಬೇಕು. ಅರ್ಜಿಯಿಲ್ಲದೆ ಚುನಾವಣೆಯಿಲ್ಲ, ದೂರಿಲ್ಲದೆ ವಿಚಾರಣೆಯಿಲ್ಲ. ತಾನಾಗಿ ಕಾರ್ಖಾನೆಗೆ ಹೋಗಿ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್‌ಗಳು ಈ ಮಂಡಳಿಗೆ ಇಲ್ಲ.

ಆದರೆ ದೂರು ಕೊಡಬೇಕಾದರೆ ಹಕ್ಕಿದೆ ಅನ್ನುವುದು ಗೊತ್ತಿರಬೇಕಲ್ಲ! 2011ರಲ್ಲಿ ಖಾಸಗಿ ವಲಯದ ಕೆಲಸಗಾರರಲ್ಲಿ ಯೂನಿಯನ್ ಸದಸ್ಯರಾಗಿದ್ದವರು ಶೇ 6.9 ಮಾತ್ರ. ಯೂನಿಯನ್ ಇರುವ ಕಡೆ ಹಕ್ಕಿನ ವಿಷಯ ಒಬ್ಬರಿಂದ ಒಬ್ಬರಿಗೆ ತಿಳಿಯುತ್ತದೆ. ಉಳಿದ ಕಡೆ ಹೇಳುವವರೇ ಇಲ್ಲ. ಎಲ್ಲ ಕಡೆ ನೋಟಿಸ್ ಹಾಕಿಸಿ ಅಂತ ಕಾನೂನು ಪ್ರಾಧ್ಯಾಪಕರೊಬ್ಬರು 1993ರಲ್ಲೇ ಮಂಡಳಿಗೆ ಅರ್ಜಿ ಕೊಟ್ಟಿದ್ದರು. ಅದು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಕೊನೆಗೆ 2010ರ ಡಿಸೆಂಬರ್‌ನಲ್ಲಿ ಮಂಡಳಿ ಕರಡು ನಿಯಮ ಹೊರಡಿಸಿತು. ಸುಮಾರು 7,000 ಅಭಿಪ್ರಾಯಗಳು ಬಂದವು. 2011ರ ಆಗಸ್ಟ್ 30ರಂದು ಅಂತಿಮ ನಿಯಮ ಪ್ರಕಟವಾಯಿತು. 11 ಇಂಚು ಅಗಲ, 17 ಇಂಚು ಉದ್ದದ ಪೋಸ್ಟರ್. ಬೇರೆ ಪೋಸ್ಟರ್‌ಗಳನ್ನು ಹಾಕುವ ಜಾಗದಲ್ಲೇ, ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಬೇಕು.

ಅದರಲ್ಲಿ ಏನಿದೆ ಅಂತ ನೀವೇ ನೋಡಿದ್ದೀರಿ. ಯೂನಿಯನ್ ಸೇರಬಹುದು, ಸಂಬಳದ ಬಗ್ಗೆ ಸಹೋದ್ಯೋಗಿಗಳ ಜೊತೆ ಮಾತಾಡಬಹುದು, ಮುಷ್ಕರ ಹೂಡಬಹುದು. ಇವ್ಯಾವುದೂ ಬೇಡ ಅಂತ ದೂರವೂ ಇರಬಹುದು. ಮಾಲೀಕರು ಏನು ಮಾಡಬಾರದು, ಯೂನಿಯನ್ ಏನು ಮಾಡಬಾರದು ಅನ್ನುವುದೂ ಇದೆ. ಒಂದು ಪಕ್ಷಕ್ಕೆ ಜಾಸ್ತಿ ವಾಲಿದೆ ಅಂತ ವ್ಯಾಪಾರಿ ಸಂಘಟನೆಗಳು ದೂರಿದವು. ಇರುವ ಯೂನಿಯನ್ನನ್ನು ಕೆಲಸಗಾರರೇ ತೆಗೆದುಹಾಕಬಹುದು ಅನ್ನುವುದು ಯಾಕಿಲ್ಲ ಅಂತ ಕೇಳಿದವು. ನನಗೆ ಈ ತಕರಾರಿನಲ್ಲಿ ಸ್ವಲ್ಪ ಹುರುಳಿದೆ ಅನ್ನಿಸುತ್ತದೆ. ಆದರೆ ಕೇಸು ನಿಂತಿದ್ದು ಪೋಸ್ಟರ್‌ನ ಮಾತುಗಳ ಮೇಲಲ್ಲ.

ನಿಯಮಕ್ಕೆ ಮೂರು ಹಲ್ಲುಗಳಿದ್ದವು. ಮಂಡಳಿಗೆ ದಂಡ ಹಾಕುವ ಅಧಿಕಾರ ಇಲ್ಲ. ಕೆಲಸ ವಾಪಸ್ ಕೊಡಿಸುವುದು, ಬಾಕಿ ಸಂಬಳ ಕೊಡಿಸುವುದು, ಇಂಥ ಪರಿಹಾರಗಳನ್ನಷ್ಟೇ ಅದು ಕೊಡಿಸಬಹುದು. ಹಾಗಾಗಿ ಪೋಸ್ಟರ್ ಹಾಕದವರನ್ನು ಬಗ್ಗಿಸಲು ಬೇರೆ ದಾರಿ ಹುಡುಕಿತು. ಪೋಸ್ಟರ್ ಹಾಕದಿರುವುದೇ ಒಂದು ಅನುಚಿತ ಕಾರ್ಮಿಕ ನಡವಳಿಕೆ ಅಂದಿತು, ಇದು ಮೊದಲನೆಯದು. ಬೇಕೆಂದೇ ಹಾಕದಿದ್ದರೆ, ಬೇರೆ ಯಾವುದಾದರೂ ಕೇಸಿನಲ್ಲಿ ಅದನ್ನೇ ಕೆಟ್ಟ ಉದ್ದೇಶಕ್ಕೆ ಸಾಕ್ಷಿಯಾಗಿ ಬಳಸಬಹುದು ಅಂದಿತು. ಮೂರನೆಯದು ಸ್ವಲ್ಪ ತಾಂತ್ರಿಕ. ದೂರು ಕೊಡಲು ಕಾಯ್ದೆಯಲ್ಲಿ 6 ತಿಂಗಳ ಗಡುವು ಇದೆ. ಪೋಸ್ಟರ್ ಹಾಕದ ಕಂಪನಿಯ ಕೆಲಸಗಾರನಿಗೆ ಹಕ್ಕಿನ ಬಗ್ಗೆ ಗೊತ್ತಿರಲಿಲ್ಲ ಅಂದರೆ ಆ ಗಡುವನ್ನು ಹಿಗ್ಗಿಸಬಹುದು ಅಂದಿತು.

ವ್ಯಾಪಾರಿ ಸಂಘಟನೆಗಳು ಎರಡು ಕಡೆ ಕೋರ್ಟಿಗೆ ಹೋದವು. ವಾಷಿಂಗ್ಟನ್‌ನಲ್ಲಿ ನ್ಯಾಷನಲ್ ಅಸೋಸಿಯೇಷನ್ ಆಫ್ ಮ್ಯಾನುಫ್ಯಾಕ್ಚರರ್ಸ್, ದಕ್ಷಿಣ ಕ್ಯಾರೊಲಿನಾದಲ್ಲಿ ಚೇಂಬರ್ ಆಫ್ ಕಾಮರ್ಸ್. ಮಜಾ ಏನೆಂದರೆ, ಕೆಳ ಕೋರ್ಟಿನ ಇಬ್ಬರು ನ್ಯಾಯಾಧೀಶರು ಒಂದೇ ಕಾಯ್ದೆ ಓದಿ ಬೇರೆ ಬೇರೆ ಉತ್ತರ ಕೊಟ್ಟರು.

ಜಗಳವೆಲ್ಲ ಸೆಕ್ಷನ್ 6ರ ಬಗ್ಗೆ. ಕಾಯ್ದೆಯನ್ನು ಜಾರಿಗೆ ತರಲು ಅಗತ್ಯವಾದ ನಿಯಮಗಳನ್ನು ಮಂಡಳಿ ಮಾಡಬಹುದು ಅನ್ನುತ್ತದೆ ಅದು. "ಅಗತ್ಯ" ಅಂದರೆ ಎಷ್ಟು? ವಾಷಿಂಗ್ಟನ್‌ನ ನ್ಯಾಯಾಧೀಶೆ ಏಮಿ ಬರ್ಮನ್ ಜಾಕ್ಸನ್ 2012ರ ಮಾರ್ಚ್ 2ರಂದು ತೀರ್ಪು ಕೊಟ್ಟರು. ಪೋಸ್ಟರ್ ಹಾಕಿ ಅನ್ನುವ ಅಧಿಕಾರ ಮಂಡಳಿಗೆ ಇದೆ ಅಂದರು. ಕಾಯ್ದೆ ಪೋಸ್ಟರ್ ವಿಷಯದಲ್ಲಿ ಸುಮ್ಮನಿದೆ ಅಂದಮಾತ್ರಕ್ಕೆ ಅದನ್ನು ನಿಷೇಧ ಅಂತ ಓದಬೇಕಿಲ್ಲ ಅನ್ನುವುದು ಅವರ ವಾದ. ಆದರೆ ಹಾಕದಿದ್ದರೆ ತನ್ನಿಂತಾನೇ ತಪ್ಪಾಗುತ್ತದೆ ಅನ್ನುವುದನ್ನೂ, ಗಡುವು ಹಿಗ್ಗಿಸುವುದನ್ನೂ ಕಿತ್ತುಹಾಕಿದರು. ಸುಮಾರು ಆರು ವಾರ ಕಳೆದು, ಏಪ್ರಿಲ್ 13ರಂದು, ದಕ್ಷಿಣ ಕ್ಯಾರೊಲಿನಾದ ನ್ಯಾಯಾಧೀಶ ಡೇವಿಡ್ ನಾರ್ಟನ್ ಉಲ್ಟಾ ಹೇಳಿದರು. ಮಂಡಳಿಗೆ ಆ ಅಧಿಕಾರವೇ ಇಲ್ಲ ಅಂದರು. ಎರಡು ಸಲ ಮುಂದೂಡಿ, ಕೊನೆಗೆ 2012ರ ಏಪ್ರಿಲ್ 30ರಿಂದ ನಿಯಮ ಜಾರಿ ಅಂತ ನಿಗದಿಯಾಗಿತ್ತು. ಅದಕ್ಕೆ ಎರಡು ವಾರ ಇರುವಾಗ ಮೇಲ್ಮನವಿ ಕೋರ್ಟು ತಡೆ ಕೊಟ್ಟಿತು.

ಆಮೇಲೆ ಎರಡು ಮೇಲ್ಮನವಿ ಕೋರ್ಟುಗಳೂ ಮಂಡಳಿಯ ವಿರುದ್ಧವೇ ಹೋದವು. ಆದರೆ ಕಾರಣ ಒಂದೇ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡನ್ನೂ ಕಲಸಿ "ಮಂಡಳಿಗೆ ಅಧಿಕಾರವಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸುವವರೇ ಜಾಸ್ತಿ.

ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟಾದ ಡಿ.ಸಿ. ಸರ್ಕ್ಯೂಟ್ 2013ರ ಮೇ 7ರಂದು ತೀರ್ಪು ಕೊಟ್ಟಿತು. ಬರೆದವರು ನ್ಯಾಯಾಧೀಶ ರಾಂಡಾಲ್ಫ್. ಅವರು ಹಿಡಿದಿದ್ದು ಸೆಕ್ಷನ್ 8(ಸಿ)ಯನ್ನು. ಇದು 1947ರ ಟಾಫ್ಟ್-ಹಾರ್ಟ್ಲಿ ತಿದ್ದುಪಡಿಯಲ್ಲಿ ಬಂದ ಸಾಲು. ಬೆದರಿಕೆಯಾಗಲಿ ಆಮಿಷವಾಗಲಿ ಇಲ್ಲದೆ ಅಭಿಪ್ರಾಯ ಹೇಳಿದರೆ ಅದು ಅನುಚಿತ ನಡವಳಿಕೆ ಆಗುವುದಿಲ್ಲ, ಅದಕ್ಕೆ ಸಾಕ್ಷಿಯೂ ಆಗುವುದಿಲ್ಲ ಅನ್ನುತ್ತದೆ. ಮಾತಾಡುವ ಹಕ್ಕಿದ್ದರೆ ಸುಮ್ಮನಿರುವ ಹಕ್ಕೂ ಇದೆ ಅಂತ ಕೋರ್ಟು ಓದಿತು. ಇದಕ್ಕೆ ಹಳೆಯ ತೀರ್ಪುಗಳ ಬೆಂಬಲವಿತ್ತು. ಶಾಲೆಯ ಮಕ್ಕಳಿಂದ ಬಲವಂತವಾಗಿ ಧ್ವಜವಂದನೆ ಮಾಡಿಸಬಾರದು ಅಂತ 1943ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕಾರಿನ ನಂಬರ್ ಪ್ಲೇಟಿನ ಮೇಲೆ ರಾಜ್ಯದ ಘೋಷವಾಕ್ಯ ಇರಲೇಬೇಕು ಅಂತ ಮಾಲೀಕನನ್ನು ಶಿಕ್ಷಿಸುವಂತಿಲ್ಲ ಅಂತ 1977ರಲ್ಲಿ ಹೇಳಿತ್ತು. ಇದು ಸರ್ಕಾರದ ಮಾತು, ಮಾಲೀಕರದ್ದಲ್ಲ ಅಂತ ಮಂಡಳಿ ವಾದಿಸಿತು. ಕೋರ್ಟು ಒಪ್ಪಲಿಲ್ಲ. ಬೇರೆಯವರ ಮಾತನ್ನು ಹರಡುವುದೂ, ಹರಡದಿರುವುದೂ ಮಾತಿನ ಸ್ವಾತಂತ್ರ್ಯದ ಒಳಗೇ ಬರುತ್ತದೆ ಅಂದಿತು.

ಈಗ ಆ ಮೂರು ಹಲ್ಲುಗಳನ್ನು ನೆನಪಿಸಿಕೊಳ್ಳಿ. ಪೋಸ್ಟರ್ ಹಾಕದಿರುವುದು ಅನುಚಿತ ನಡವಳಿಕೆ ಅಂತಿತ್ತು, ಸಾಕ್ಷಿ ಅಂತಲೂ ಇತ್ತು. 8(ಸಿ) ಹೆಸರಿಸಿ ಬೇಡ ಅಂದಿರುವುದು ಇವೆರಡನ್ನೇ. ಎರಡೂ ಒಂದೇ ಏಟಿಗೆ ಹೋದವು. ಗಡುವು ಹಿಗ್ಗಿಸುವುದು ಬೇರೆ ಕಾರಣಕ್ಕೆ ಬಿತ್ತು. 6 ತಿಂಗಳ ಮಿತಿಯನ್ನು ಸಂಸತ್ತು 1947ರಲ್ಲಿ ಹಾಕಿದೆ, ಮಂಡಳಿ ತನ್ನ ನಿಯಮದಿಂದ ಅದನ್ನು ಬದಲಿಸುವಂತಿಲ್ಲ ಅಂದಿತು ಕೋರ್ಟು. ಮೂರೂ ಹೋದ ಮೇಲೆ ಉಳಿಯುವುದು ಬರೀ ಕಾಗದ. ಜಾರಿಯೇ ಇಲ್ಲದ ನಿಯಮವನ್ನು ಮಂಡಳಿ ಹೊರಡಿಸುತ್ತಿರಲಿಲ್ಲ ಅಂತ ತರ್ಕಿಸಿ ಇಡೀ ನಿಯಮವನ್ನೇ ರದ್ದು ಮಾಡಿತು. ಗಮನಿಸಿ, ಸೆಕ್ಷನ್ 6ರಲ್ಲಿ ಅಧಿಕಾರ ಇದೆಯೋ ಇಲ್ಲವೋ ಅನ್ನುವುದನ್ನು ಮುಖ್ಯ ತೀರ್ಪು ತೀರ್ಮಾನಿಸಲೇ ಇಲ್ಲ. ಪೀಠದ ಉಳಿದ ಇಬ್ಬರು ನ್ಯಾಯಾಧೀಶರು ಪ್ರತ್ಯೇಕವಾಗಿ ಬರೆದು, ಅಧಿಕಾರವೂ ಇಲ್ಲ ಅಂದರು.

ಆ ಪ್ರಶ್ನೆಗೆ ನೇರ ಉತ್ತರ ಬಂದಿದ್ದು ಒಂದು ತಿಂಗಳ ನಂತರ, ಜೂನ್ 14ರಂದು, ದಕ್ಷಿಣ ಕ್ಯಾರೊಲಿನಾದ ಕೇಸು ಹೋದ ಮೇಲ್ಮನವಿ ಕೋರ್ಟಾದ ನಾಲ್ಕನೇ ಸರ್ಕ್ಯೂಟ್‌ನಿಂದ. ಅಲ್ಲಿ ಮಾತಿನ ಸ್ವಾತಂತ್ರ್ಯದ ಚರ್ಚೆ ಇಲ್ಲ. ಬರೀ ಕಾಯ್ದೆಯ ಓದು. ಮಂಡಳಿಯ ಕೆಲಸ ದೂರು ಅಥವಾ ಅರ್ಜಿ ಬಂದ ಮೇಲೆ ಶುರುವಾಗುತ್ತದೆ. ದೂರೇ ಇಲ್ಲದ 60 ಲಕ್ಷ ಮಾಲೀಕರಿಗೆ ಮುಂಚಿತವಾಗಿ ಅಪ್ಪಣೆ ಕೊಡುವುದು ಆ ಸ್ವಭಾವಕ್ಕೆ ಹೊಂದುವುದಿಲ್ಲ ಅಂದಿತು. ಇನ್ನೊಂದು ವಾದ ನನಗೆ ಇದಕ್ಕಿಂತ ಗಟ್ಟಿ ಅನ್ನಿಸುತ್ತದೆ. ರೈಲ್ವೆ ಕಾರ್ಮಿಕರ ಕಾಯ್ದೆಗೆ 1934ರಲ್ಲಿ ತಿದ್ದುಪಡಿ ಮಾಡಿದಾಗ ನೋಟಿಸ್ ಹಾಕಬೇಕು ಅಂತ ಸಂಸತ್ತು ಬರೆಯಿತು. ಮರುವರ್ಷವೇ ಈ ಕಾಯ್ದೆ ಬಂತು, ಇದರಲ್ಲಿ ಬರೆಯಲಿಲ್ಲ. ಮುಂದೆ 1964ರ ನಾಗರಿಕ ಹಕ್ಕು ಕಾಯ್ದೆಯಲ್ಲಿ ಬರೆಯಿತು. 1967ರ ವಯಸ್ಸಿನ ತಾರತಮ್ಯ ಕಾಯ್ದೆ, 1970ರ ಸುರಕ್ಷತಾ ಕಾಯ್ದೆ, 1988ರ ಪಾಲಿಗ್ರಾಫ್ (ಸುಳ್ಳುಪತ್ತೆ ಪರೀಕ್ಷೆ) ಕಾಯ್ದೆ, 1990ರ ಅಂಗವಿಕಲರ ಕಾಯ್ದೆ, 1993ರ ಕುಟುಂಬ ರಜೆ ಕಾಯ್ದೆ, ಎಲ್ಲದರಲ್ಲೂ ಬರೆಯಿತು. ಇದರ ನಡುವೆ 1935ರ ಕಾಯ್ದೆಯನ್ನು ಹಲವು ಸಲ ತಿದ್ದಿತು. ಆಗಲೂ ಇದಕ್ಕೆ ಕೈ ಹಾಕಲಿಲ್ಲ. ಬರೆಯಲು ಗೊತ್ತಿದ್ದವರು ಬರೆಯದೆ ಬಿಟ್ಟಿದ್ದಾರೆ ಅಂದರೆ ಬೇಡ ಅಂತಲೇ ಬಿಟ್ಟಿದ್ದಾರೆ ಅನ್ನುವುದು ತರ್ಕ.

ಮಂಡಳಿ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. 2014ರ ಜನವರಿಯಲ್ಲಿ ಗಡುವು ಮುಗಿಯಿತು, ಕಥೆಯೂ ಅಲ್ಲಿಗೆ ಮುಗಿಯಿತು. ಈಗ ಮತ್ತೆ ಪ್ರಯತ್ನಿಸಿದರೆ? ಇನ್ನೂ ಕಷ್ಟ. ಕಾಯ್ದೆ ಅಸ್ಪಷ್ಟವಾಗಿದ್ದರೆ ಸಂಸ್ಥೆಯ ವ್ಯಾಖ್ಯಾನಕ್ಕೆ ಕೋರ್ಟು ಮಣೆ ಹಾಕುವ ಹಳೆಯ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಕೈಬಿಟ್ಟಿತು.

ಇಲ್ಲಿ ನಿಮಗೊಂದು ಅನುಮಾನ ಬರಬೇಕು. ನಿಮ್ಮ ಗೋಡೆಯಲ್ಲಿರುವ ಕನಿಷ್ಠ ವೇತನದ ಪೋಸ್ಟರ್ ನೋಡಿ. ಗಂಟೆಗೆ 7.25 ಡಾಲರ್ ಅಂತ ದಪ್ಪ ಅಕ್ಷರದಲ್ಲಿರುತ್ತದೆ. 1938ರ ಆ ಕಾಯ್ದೆಯಲ್ಲೂ ಪೋಸ್ಟರ್ ಹಾಕಬೇಕು ಅನ್ನುವ ಸಾಲು ಇಲ್ಲ! ಕಾರ್ಮಿಕ ಇಲಾಖೆ ತನ್ನ ನಿಯಮದಲ್ಲೇ ಅದನ್ನು ತಂದಿತು, 1949ರಲ್ಲಿ. ದಾಖಲೆ ಇಡುವ ಅಧಿಕಾರದ ಅಡಿಯಲ್ಲಿ ಅದನ್ನು ಸೇರಿಸಿತು. ಹಾಗಾದರೆ ಅದು ಹೇಗೆ ಉಳಿದಿದೆ? ನನಗೆ ಕಾಣುವುದು ಎರಡು ಕಾರಣ. ಕಾರ್ಮಿಕ ಇಲಾಖೆ ಮೊದಲಿಂದಲೂ ದೂರಿಗಾಗಿ ಕಾಯುವ ಸಂಸ್ಥೆಯಲ್ಲ. ಅದು ತಾನಾಗಿಯೇ ಹೋಗಿ ಹಾಜರಿ ಪುಸ್ತಕ, ಸಂಬಳದ ಲೆಕ್ಕ ತೆರೆಸುತ್ತದೆ. ಇನ್ನೊಂದು, ಆ ಪೋಸ್ಟರ್ ಹಾಕದಿದ್ದರೆ ಪ್ರತ್ಯೇಕ ದಂಡವೇ ಇಲ್ಲ. ಶಿಕ್ಷೆಯೇ ಇಲ್ಲದ ನಿಯಮದ ವಿರುದ್ಧ ವಕೀಲರಿಗೆ ದುಡ್ಡು ಕೊಟ್ಟು ಕೋರ್ಟಿಗೆ ಹೋಗುವವರು ಯಾರು?

ನನ್ನ ಅಭಿಪ್ರಾಯ ಕೇಳಿದರೆ, ಜಾಕ್ಸನ್ ಅವರ ತೀರ್ಪೇ ಹೆಚ್ಚು ಸರಿ ಇತ್ತು. ಪೋಸ್ಟರ್ ಕೇಳುವುದು ಬೇರೆ, ಹಾಕದವನನ್ನು ಕೆಲಸಗಾರನನ್ನು ಬೆದರಿಸಿದವನ ಸಾಲಿನಲ್ಲೇ ನಿಲ್ಲಿಸುವುದು ಬೇರೆ. ಮಂಡಳಿ ಎರಡನ್ನೂ ಒಟ್ಟಿಗೆ ಕಟ್ಟಿತು. ಮೂರು ಹಲ್ಲಿಲ್ಲದೆ ಬಂದಿದ್ದರೆ ಡಿ.ಸಿ. ಸರ್ಕ್ಯೂಟ್‌ಗೆ 8(ಸಿ) ಹಿಡಿಯಲು ಜಾಗವೇ ಇರುತ್ತಿರಲಿಲ್ಲ. ನಾಲ್ಕನೇ ಸರ್ಕ್ಯೂಟ್ ಆಗಲೂ ಒಪ್ಪುತ್ತಿರಲಿಲ್ಲ ಅನ್ನುವುದು ನಿಜ. ಆದರೆ ಆಗ ಎರಡು ಕೋರ್ಟುಗಳ ನಡುವೆ ಭಿನ್ನಾಭಿಪ್ರಾಯ ಉಳಿದು, ಸುಪ್ರೀಂ ಕೋರ್ಟಿಗೆ ಹೋಗಲು ದಾರಿಯಾದರೂ ಇರುತ್ತಿತ್ತು.

ಹಾಗಂತ ಮಂಡಳಿ ಯಾವ ನೋಟಿಸನ್ನೂ ಹಾಕಿಸುವಂತಿಲ್ಲ ಅಂದುಕೊಳ್ಳಬೇಡಿ. ಇದು ನಿಮಗೆ ಉಪಯೋಗಕ್ಕೆ ಬರುವ ವಿಷಯ. ನಿಮ್ಮ ಕಂಪನಿಯಲ್ಲಿ ಯೂನಿಯನ್ ಚುನಾವಣೆಗೆ ಅರ್ಜಿ ಬಿದ್ದರೆ, ಈಗಿನ ನಿಯಮದ ಪ್ರಕಾರ ಅರ್ಜಿಯ ನೋಟಿಸನ್ನು 2 ಕೆಲಸದ ದಿನಗಳೊಳಗೆ ಹಾಕಬೇಕು. ಚುನಾವಣೆಯ ದಿನಕ್ಕೆ ಮುಂಚೆ ಪೂರ್ತಿ 3 ಕೆಲಸದ ದಿನ ಚುನಾವಣಾ ನೋಟಿಸ್ ಗೋಡೆಯಲ್ಲಿರಬೇಕು. ಅದನ್ನು ಹಾಕದಿದ್ದರೆ ಚುನಾವಣೆಯೇ ರದ್ದಾಗಬಹುದು. ಕಂಪನಿ ತಪ್ಪು ಮಾಡಿದೆ ಅಂತ ಸಾಬೀತಾದರೆ, ಮಂಡಳಿ ಕೊಟ್ಟ ನೋಟಿಸನ್ನು ಸಾಮಾನ್ಯವಾಗಿ 60 ದಿನ ಹಾಕಿರಬೇಕು. ಅದರ ಭಾಷೆ ವಿಚಿತ್ರ, ಕಂಪನಿಯೇ ಹೇಳುತ್ತಿರುವಂತಿರುತ್ತದೆ: ನಾವು ನಿಮ್ಮನ್ನು ಪ್ರಶ್ನಿಸಿ ಹೆದರಿಸುವುದಿಲ್ಲ, ನಾವು ಇಂಥವರನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ. ಮ್ಯಾನೇಜರ್ ಸಹಿ ಬೇರೆ. ಈ ಎರಡು ಸಂದರ್ಭದಲ್ಲೂ ಯಾರೋ ಬಾಗಿಲು ತಟ್ಟಿಯಾಗಿದೆ, ನೋಡಿ. ಹಾಗಾಗಿ ಅಧಿಕಾರದ ಪ್ರಶ್ನೆ ಏಳುವುದಿಲ್ಲ.

ಇನ್ನು ಸರ್ಕಾರಿ ಗುತ್ತಿಗೆ. ಇಲ್ಲಿ ಅಧಿಕಾರ ಬರುವುದು ಬೇರೆ ಬಾಗಿಲಿನಿಂದ. ಸರ್ಕಾರ ಇಲ್ಲಿ ಗಿರಾಕಿ. ನನ್ನ ಜೊತೆ ವ್ಯವಹಾರ ಬೇಕಿದ್ದರೆ ಈ ಷರತ್ತು ಅಂತ ಹೇಳಬಹುದು. ಅಧ್ಯಕ್ಷ ಒಬಾಮಾ 2009ರ ಜನವರಿ 30ರಂದು ಹೊರಡಿಸಿದ 13496ನೇ ಆದೇಶ ಮಾಡಿದ್ದು ಇದನ್ನೇ. ಗುತ್ತಿಗೆದಾರರು ಯೂನಿಯನ್ ಹಕ್ಕಿನ ಪೋಸ್ಟರ್ ಹಾಕಬೇಕು, ಇಲ್ಲದಿದ್ದರೆ ಗುತ್ತಿಗೆ ಕಳೆದುಕೊಳ್ಳುವ ಅಪಾಯ. ಇದಕ್ಕೂ ಮುಂಚೆ, 2001ರಲ್ಲಿ, ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಇದೇ ದಾರಿಯಲ್ಲಿ ಉಲ್ಟಾ ಪೋಸ್ಟರ್ ಹಾಕಿಸಿದ್ದರು. ಯೂನಿಯನ್ ಸೇರಲೇಬೇಕಿಲ್ಲ, ಕೆಲವು ಖರ್ಚಿಗೆ ನಿಮ್ಮ ಹಣ ಹೋಗುವುದನ್ನು ವಿರೋಧಿಸಬಹುದು ಅಂತ ಹೇಳುವ ಪೋಸ್ಟರ್ ಅದು. ಆಗ ಕೋರ್ಟಿಗೆ ಹೋಗಿದ್ದು ಯೂನಿಯನ್ ಕಡೆಯವರು. 2003ರಲ್ಲಿ ಅದೇ ಡಿ.ಸಿ. ಸರ್ಕ್ಯೂಟ್‌ನಲ್ಲಿ ಸೋತರು. ಹತ್ತು ವರ್ಷದ ನಂತರ ಮಾಲೀಕರು ಅಲ್ಲೇ ಗೆದ್ದರು. ನಿಮ್ಮ ಕಂಪನಿಗೆ ಕೇಂದ್ರ ಸರ್ಕಾರದ ಗುತ್ತಿಗೆಯೋ ಉಪಗುತ್ತಿಗೆಯೋ ಇದ್ದರೆ, ಒಪ್ಪಂದದ ಕಾಗದದಲ್ಲಿ ಈ ಷರತ್ತು ಇದೆಯಾ ಅಂತ ಹುಡುಕಿ. ಇದ್ದರೆ ಚರ್ಚೆಯೇ ಬೇಡ, ಹಾಕಿ.

ರಾಜ್ಯದ ಕಾನೂನನ್ನೂ ನೋಡಿಕೊಳ್ಳಿ. ನೀವು ಯಾವ ರಾಜ್ಯ ಅಂತ ಬರೆದಿಲ್ಲ. ಕ್ಯಾಲಿಫೋರ್ನಿಯಾ 2025ರಲ್ಲಿ ಒಂದು ಕಾಯ್ದೆ ಮಾಡಿ, 2026ರ ಫೆಬ್ರವರಿಯಿಂದ ಪ್ರತಿ ಕೆಲಸಗಾರನಿಗೂ ವರ್ಷಕ್ಕೊಮ್ಮೆ ಹಕ್ಕುಗಳ ಲಿಖಿತ ನೋಟಿಸ್ ಕೊಡಬೇಕು ಅಂದಿದೆ. ಅದರಲ್ಲಿ ಯೂನಿಯನ್ ಕಟ್ಟುವ ಹಕ್ಕೂ ಸೇರಿದೆ. ಕೇಂದ್ರದ ಮಂಡಳಿಗೆ ಇಲ್ಲ ಅಂದ ಅಧಿಕಾರವನ್ನು ರಾಜ್ಯದ ಶಾಸಕಾಂಗ ಕಾಯ್ದೆಯಲ್ಲೇ ಬರೆದುಕೊಂಡಿದೆ.

ಉಳಿದ ಪೋಸ್ಟರ್‌ಗಳ ಬಗ್ಗೆ ಎರಡು ಮಾತು. 40 ಜನ ಅಂದಿರಿ. ತಾರತಮ್ಯದ ಪೋಸ್ಟರ್ 15 ಜನರಿಗಿಂತ ಕಮ್ಮಿ ಇಲ್ಲದ ಕಂಪನಿಗೆ ಕಡ್ಡಾಯ, ನಿಮಗೆ ಬೇಕು. ಕುಟುಂಬ ರಜೆಯ ಪೋಸ್ಟರ್ 50 ಜನರಿಂದ ಶುರು, ನಿಮಗೆ ಬೇಡ. ಕನಿಷ್ಠ ವೇತನ, ಪಾಲಿಗ್ರಾಫ್ ಪೋಸ್ಟರ್‌ಗಳು ಬೇಕು. ಸೇನೆಯಲ್ಲಿ ಸೇವೆ ಮಾಡಿ ಬಂದವರ ಹಕ್ಕುಗಳನ್ನೂ ತಿಳಿಸಬೇಕು. ನಿಜವಾಗಿ ಜೇಬಿಗೆ ಬಿಸಿ ಮುಟ್ಟಿಸುವುದು ಸುರಕ್ಷತೆಯ ಪೋಸ್ಟರ್. 1970ರಲ್ಲಿ 1,000 ಡಾಲರ್ ಇದ್ದ ಗರಿಷ್ಠ ದಂಡ 2025ರ ಹೊತ್ತಿಗೆ 16,550 ಡಾಲರ್‌ಗೆ ಏರಿದೆ. ಹಣದುಬ್ಬರಕ್ಕೆ ತಕ್ಕಂತೆ ಅದು ಏರುತ್ತಲೇ ಇರುತ್ತದೆ. ಈ ಎಲ್ಲ ಪೋಸ್ಟರ್‌ಗಳೂ ಸರ್ಕಾರದ ವೆಬ್‌ಸೈಟುಗಳಲ್ಲಿ ಪುಕ್ಕಟೆ ಸಿಗುತ್ತವೆ. ಸರ್ಕಾರಿ ಲಕೋಟೆಯ ಹಾಗೆ ಕಾಣುವ ಲಕೋಟೆಯಲ್ಲಿ "ಕೊನೆಯ ಸೂಚನೆ, ಕೂಡಲೇ ಪೋಸ್ಟರ್ ಕೊಳ್ಳಿ" ಅಂತ ಪತ್ರ ಬಂದರೆ ಅದು ಯಾವುದೋ ಖಾಸಗಿ ಮಾರಾಟಗಾರರದ್ದು. ಕಸದ ಬುಟ್ಟಿಗೆ ಹಾಕಿ.

ಪೋಸ್ಟರ್ ಹಾಕಬೇಕಿಲ್ಲ ಅಂತ ನಿಮ್ಮ ಬಾಸ್‌ಗೆ ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸಿ ಹೇಳಿ. ಪೋಸ್ಟರ್ ಇಲ್ಲದಿದ್ದರೂ ಹಕ್ಕು ಇದ್ದೇ ಇದೆ. ಯೂನಿಯನ್ ಇಲ್ಲದ ಕಂಪನಿಯಲ್ಲೂ ಇದೆ. ಎಚ್‌ಆರ್‌ನವರೂ ಎಡವುವುದು ಇಲ್ಲೇ.

1959ರ ಜನವರಿ 5, ಬಾಲ್ಟಿಮೋರ್. ವಾಷಿಂಗ್ಟನ್ ಅಲ್ಯೂಮಿನಿಯಂ ಅನ್ನುವ ಕಂಪನಿಯ ಮೆಷಿನ್ ಶಾಪ್. ಹೊರಗೆ ಮಧ್ಯಾಹ್ನವೂ 22 ಡಿಗ್ರಿ ಫ್ಯಾರನ್‌ಹೀಟ್ ದಾಟದ ಚಳಿ, ಅಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗೆ. ಶಾಪ್ ಬಿಸಿ ಮಾಡುವ ದೊಡ್ಡ ಫರ್ನೇಸ್ ಹಿಂದಿನ ರಾತ್ರಿಯೇ ಕೆಟ್ಟಿತ್ತು. ಬೆಳಿಗ್ಗೆ ಬಂದ ಕೆಲಸಗಾರರು ಗುಂಪಾಗಿ ನಿಂತು ನಡುಗುತ್ತಾ ಮಾತಾಡಿಕೊಂಡರು. ಈ ಚಳಿಯಲ್ಲಿ ಆಗಲ್ಲ ಅಂತ 7 ಜನ ಎದ್ದು ಮನೆಗೆ ಹೋದರು. ಅನುಮತಿ ಇಲ್ಲದೆ ಕೆಲಸ ಬಿಟ್ಟು ಹೋಗಬಾರದು ಅನ್ನುವುದು ಕಂಪನಿಯ ನಿಯಮ. 7 ಜನರನ್ನೂ ತೆಗೆದುಹಾಕಿದರು. ಅವರಿಗೆ ಯೂನಿಯನ್ ಇರಲಿಲ್ಲ, ನಾಯಕನಿರಲಿಲ್ಲ, ಬೇಡಿಕೆಯ ಪಟ್ಟಿ ಇರಲಿಲ್ಲ. ಆದರೂ 1962ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಒಟ್ಟಾಗಿ ಹೋದದ್ದು ಸೆಕ್ಷನ್ 7ರ ರಕ್ಷಣೆಯ ಒಳಗೇ ಬರುತ್ತದೆ, ಕಂಪನಿಯ ಅನುಮತಿಯ ನಿಯಮ ಅದನ್ನು ಕಸಿಯುವುದಿಲ್ಲ ಅಂದಿತು.

ಇವತ್ತಿನ ಕಚೇರಿಗಳಲ್ಲಿ ಇದು ಫರ್ನೇಸ್ ರೂಪದಲ್ಲಿ ಬರುವುದು ಅಪರೂಪ. ಸಂಬಳದ ರೂಪದಲ್ಲಿ ಬರುತ್ತದೆ. ಇಬ್ಬರು ಊಟದ ಕೋಣೆಯಲ್ಲಿ ಕೂತು ಸಂಬಳ ಹೋಲಿಸಿಕೊಳ್ಳುತ್ತಾರೆ. ಒಬ್ಬಳಿಗೆ ಕಮ್ಮಿ ಅಂತ ಗೊತ್ತಾಗುತ್ತದೆ, ಬಂದು ಕೇಳುತ್ತಾಳೆ. "ಸಂಬಳ ಗೌಪ್ಯ, ಮಾತಾಡಿದರೆ ಕ್ರಮ" ಅನ್ನುವ ಸಾಲು ನಿಮ್ಮ ಕೈಪಿಡಿಯಲ್ಲಿದ್ದರೆ ಅದನ್ನು ಇವತ್ತೇ ತೆಗೆಸಿ. ಪೋಸ್ಟರ್ ಇಲ್ಲದ್ದಕ್ಕೆ ಯಾರೂ ನಿಮ್ಮ ಮೇಲೆ ದೂರು ಕೊಡಲಾರರು. ಆ ಸಾಲಿಗೆ ಕೊಡಬಹುದು. ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಅರ್ಜಿ ತುಂಬಿದರೆ ಆಯಿತು, ಶುಲ್ಕವಿಲ್ಲ, ವಕೀಲರೂ ಬೇಡ. ನೀವು ಅಂಗಡಿ ವ್ಯಾಪಾರವಾಗಿದ್ದರೆ ವರ್ಷಕ್ಕೆ 5 ಲಕ್ಷ ಡಾಲರ್ ವಹಿವಾಟು ಇದ್ದರೆ ಸಾಕು, ಮಂಡಳಿ ಕೇಸು ಕೈಗೆತ್ತಿಕೊಳ್ಳುತ್ತದೆ. ಬೇರೆ ವ್ಯಾಪಾರವಾದರೆ, ರಾಜ್ಯದ ಗಡಿ ದಾಟಿ ಬರುವ ಅಥವಾ ಹೋಗುವ ಸರಕು, ಸೇವೆ 50,000 ಡಾಲರ್ ಇದ್ದರೆ ಸಾಕು. 40 ಜನರ ಕಂಪನಿ ಇದರಿಂದ ಹೊರಗಿರುವುದು ಕಷ್ಟ.

ಕೊನೆಯದಾಗಿ, ನೀವೇ ಅಂಟಿಸಿಬಿಟ್ಟರೆ ಏನಾಗುತ್ತೆ ಅಂದಿರಿ. ಪೋಸ್ಟರ್ ಹಾಕುವುದು ತಪ್ಪಲ್ಲ, ಬೇಕಾದ ಕಂಪನಿಗಳು ಸ್ವಂತ ಇಚ್ಛೆಯಿಂದ ಹಾಕಲಿ ಅಂತಲೇ ಮಂಡಳಿ ಅದನ್ನು ವೆಬ್‌ಸೈಟಿನಲ್ಲಿ ಇಟ್ಟಿದೆ. ಒಬ್ಬ ಸಾಮಾನ್ಯ ಕೆಲಸಗಾರ ಅದನ್ನು ಹಾಕಿದರೆ ಅವನಿಗೆ ಸಾಕಷ್ಟು ರಕ್ಷಣೆ ಇದೆ. ಬಾಡಿಗೆ ಮನೆಯ ಚೀಟಿ, ಹಳೇ ಸೈಕಲ್ ಮಾರಾಟದ ಚೀಟಿ ಎಲ್ಲ ಇರುವ ಬೋರ್ಡಿನಿಂದ ಅದೊಂದನ್ನೇ ಕಿತ್ತರೆ ಕಂಪನಿಯ ಮೇಲೆ ದೂರಿಗೆ ದಾರಿಯಾಗುತ್ತದೆ. ಆದರೆ ನೀವು ಎಚ್‌ಆರ್. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ, ತೆಗೆದುಹಾಕುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ನಿಮಗಿದ್ದರೆ, ಕಾಯ್ದೆಯ ಕಣ್ಣಿಗೆ ನೀವು ಸೂಪರ್‌ವೈಸರ್. 1947ರ ತಿದ್ದುಪಡಿ ಸೂಪರ್‌ವೈಸರ್‌ಗಳನ್ನು ಸೆಕ್ಷನ್ 7ರಿಂದ ಹೊರಗಿಟ್ಟಿದೆ. ಆ ಪೋಸ್ಟರಿನಲ್ಲಿ ಬರೆದಿರುವ ಹಕ್ಕುಗಳು ನಿಮಗೇ ಇಲ್ಲ. ಅದನ್ನು ಅಂಟಿಸಿದ್ದಕ್ಕೆ ಬಾಸ್ ಸಿಟ್ಟಾಗಿ ನಿಮ್ಮನ್ನು ಕಳಿಸಿಬಿಟ್ಟರೆ ಮಂಡಳಿ ನಿಮ್ಮ ನೆರವಿಗೆ ಬರುವುದು ಕಷ್ಟ. ಆದ್ದರಿಂದ ಮೊದಲು ಕೇಳಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ, ಆಮೇಲೆ ಪ್ರಿಂಟ್ ತೆಗೆಯಿರಿ.